ಫ್ಲೋ ಕಂಪ್ಯೂಟರಿನ ಲೆಕ್ಕ ತಪ್ಪುವುದು ಎಲ್ಲಿ

ಗ್ಯಾಸ್ ಲೈನಿನ ತಿಂಗಳ ಲೆಕ್ಕ ತಾಳೆಯಾಗದಿದ್ದರೆ ಮೊದಲು ಅನುಮಾನಪಡುವುದು ಮೀಟರಿನ ಓದುಗಳಿಂದ ಹರಿವನ್ನು ಲೆಕ್ಕಹಾಕುವ ಯಂತ್ರವಾದ ಫ್ಲೋ ಕಂಪ್ಯೂಟರಿನ ಸೂತ್ರವನ್ನು. ಅಲ್ಲಿ ತಪ್ಪು ಸಿಗುವುದು ತೀರಾ ಅಪರೂಪ. ಆರಿಫೈಸ್ ಪ್ಲೇಟಿಗೆ (ಹರಿವು ಅಳೆಯಲು ಪೈಪಿನೊಳಗೆ ಇಡುವ ರಂಧ್ರದ ತಟ್ಟೆ) ಐಎಸ್‌ಒ 5167 ಅಥವಾ ಎಜಿಎ 3, ಅನಿಲದ ಸಂಕೋಚ್ಯತೆಗೆ ಎಜಿಎ 8: ಈ ಮಾನದಂಡಗಳ ಲೆಕ್ಕಗಳನ್ನು ಯಂತ್ರ ಚಾಚೂ ತಪ್ಪದೆ ಮಾಡುತ್ತದೆ. ಹುಡುಕಬೇಕಾದದ್ದು ನಾವು ಅದಕ್ಕೆ ಕೊಟ್ಟ ಅಂಕಿಗಳಲ್ಲಿ.

ಎಲ್ಲಕ್ಕಿಂತ ಕಪಟಿ ತಪ್ಪೆಂದರೆ ಎರಡು ಸಲ ತೆಗೆದ ವರ್ಗಮೂಲ. ಆರಿಫೈಸಿನಲ್ಲಿ ಹರಿವು ಡಿಪಿಯ (ತಟ್ಟೆಯ ಎರಡು ಬದಿಯ ಒತ್ತಡಗಳ ವ್ಯತ್ಯಾಸ) ವರ್ಗಮೂಲಕ್ಕೆ ಅನುಗುಣ. ಆ ಮೂಲವನ್ನು ಫ್ಲೋ ಕಂಪ್ಯೂಟರ್ ತೆಗೆಯಬೇಕು, ಡಿಪಿ ಅಳೆದು 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಸಂಕೇತ ಕಳಿಸುವ ಟ್ರಾನ್ಸ್‌ಮಿಟರ್ ಲೀನಿಯರ್ (ಡಿಪಿಗೆ ನೇರ ಅನುಪಾತದಲ್ಲಿ) ಆಗಿಯೇ ಇರಬೇಕು. ಟ್ರಾನ್ಸ್‌ಮಿಟರಿನಲ್ಲೂ ಸ್ಕ್ವೇರ್ ರೂಟ್ ಆನ್ ಆಗಿದ್ದರೆ ಸೊನ್ನೆ ಸೊನ್ನೆಯೇ, ನೂರು ನೂರೇ. ಹಾಗಾಗಿ 4 ಮತ್ತು 20 ಮಿಲಿಆಂಪಿಯರ್ ಮಾತ್ರ ನೋಡಿ ಸಹಿ ಹಾಕುವವರ ಕೈಗೆ ಇದು ಸಿಗುವುದೇ ಇಲ್ಲ. ಡಿಪಿ ಸ್ಪ್ಯಾನಿನ (ಅಳತೆಯ ಪೂರ್ಣ ವ್ಯಾಪ್ತಿಯ) 25% ಇದ್ದಾಗ ನಿಜವಾದ ಹರಿವು 50%. ಪರದೆ ತೋರಿಸುವುದು 70.7%. ಅಂದರೆ ಇರುವುದಕ್ಕಿಂತ 41% ಹೆಚ್ಚು! ಪರೀಕ್ಷೆ ಸುಲಭ: ಟ್ರಾನ್ಸ್‌ಮಿಟರಿಗೆ ಸ್ಪ್ಯಾನಿನ 25% ಒತ್ತಡ ಕೊಡಿ. 8 ಮಿಲಿಆಂಪಿಯರ್ ಬಂದರೆ ಸರಿ, 12 ಬಂದರೆ ಅಲ್ಲೇ ರೂಟ್ ತೆಗೆಯುತ್ತಿದೆ.

ಎರಡನೆಯದು ಗೇಜ್ ಮತ್ತು ಅಬ್ಸಲ್ಯೂಟ್ ಒತ್ತಡದ ಗೊಂದಲ. ಗೇಜ್ ಎಂದರೆ ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದು, ಅಬ್ಸಲ್ಯೂಟ್ ಎಂದರೆ ವಾತಾವರಣದ್ದನ್ನೂ ಸೇರಿಸಿದ್ದು. ಸೂತ್ರಕ್ಕೆ ಬೇಕಾದದ್ದು ಅಬ್ಸಲ್ಯೂಟ್. 10 ಬಾರ್ ಗೇಜ್ ಓದನ್ನು ಹಾಗೆಯೇ ಅಬ್ಸಲ್ಯೂಟ್ ಎಂದು ಕೊಟ್ಟರೆ ಆರಿಫೈಸಿನಲ್ಲಿ ಸುಮಾರು 4.7% ಕಡಿಮೆ ಬರುತ್ತದೆ. ಟರ್ಬೈನ್ ಅಥವಾ ಅಲ್ಟ್ರಾಸಾನಿಕ್ ಮೀಟರಿನಲ್ಲಿ ವರ್ಗಮೂಲದ ರಕ್ಷಣೆ ಇಲ್ಲದ ಕಾರಣ 9% ದಾಟುತ್ತದೆ. 60 ಬಾರ್ ಲೈನಿನಲ್ಲಿ ಇದೇ ತಪ್ಪು ಆರಿಫೈಸಿಗೆ 1%ಗಿಂತ ಕಡಿಮೆ, ಆದ್ದರಿಂದ ವರ್ಷಗಟ್ಟಲೆ ಅಡಗಿ ಕೂರಬಲ್ಲದು. ಸಮುದ್ರಮಟ್ಟದಿಂದ ಎತ್ತರದ ಸ್ಟೇಷನ್ನಿನಲ್ಲಿ ವಾತಾವರಣದ ಒತ್ತಡಕ್ಕೆ ಅಲ್ಲಿನ ಬೆಲೆಯನ್ನೇ ಕೊಡಬೇಕು, ಸಮುದ್ರಮಟ್ಟದ 1.01325 ಬಾರ್ ಅಲ್ಲ.

ಬೇಸ್ ಕಂಡೀಷನ್, ಅಂದರೆ ಪರಿಮಾಣವನ್ನು ಲೆಕ್ಕ ಹಿಡಿಯುವ ಆಧಾರ ತಾಪಮಾನ ಮತ್ತು ಒತ್ತಡ, ಕೂಡ ನೋಡಿ. 0 ಡಿಗ್ರಿ ಮತ್ತು 15 ಡಿಗ್ರಿ ಸೆಲ್ಸಿಯಸ್ ನಡುವೆಯೇ ಪರಿಮಾಣದಲ್ಲಿ ಸುಮಾರು 5.5% ವ್ಯತ್ಯಾಸ. ಒಪ್ಪಂದದಲ್ಲಿ ಏನಿದೆಯೋ ಅದನ್ನೇ ಹಾಕಬೇಕು.

ಹರಿವು ಹತ್ತನೇ ಒಂದು ಭಾಗಕ್ಕೆ ಇಳಿದಾಗ ಡಿಪಿ ನೂರನೇ ಒಂದಕ್ಕೆ ಇಳಿಯುತ್ತದೆ. ಸ್ಪ್ಯಾನಿನ 0.1% ದೋಷವಿರುವ ಟ್ರಾನ್ಸ್‌ಮಿಟರಿಗೆ ಅಲ್ಲಿ ಡಿಪಿಯಲ್ಲಿ 10%, ಹರಿವಿನಲ್ಲಿ ಸುಮಾರು 5% ದೋಷ. ಇದನ್ನು ಯಾವ ಸೆಟ್ಟಿಂಗೂ ಸರಿಪಡಿಸಲಾರದು. ಕಡಿಮೆ ರೇಂಜಿನ ಎರಡನೇ ಟ್ರಾನ್ಸ್‌ಮಿಟರ್ ಹಾಕಿ, ಎರಡರ ನಡುವೆ ಬದಲಾಗುವ ಬಿಂದುವನ್ನು ಫ್ಲೋ ಕಂಪ್ಯೂಟರಿನಲ್ಲಿ ಕೊಡುವುದೇ ದಾರಿ. ಝೀರೋ ನೋಡುವಾಗ ಲೈನ್ ಒತ್ತಡ ಟ್ರಾನ್ಸ್‌ಮಿಟರಿನ ಮೇಲೆ ಇರಲಿ: ಮ್ಯಾನಿಫೋಲ್ಡಿನ (ಟ್ರಾನ್ಸ್‌ಮಿಟರಿಗೆ ಜೋಡಿಸಿದ ವಾಲ್ವ್‌ಗಳ ಗುಚ್ಛ) ಒಂದು ಕಡೆಯ ವಾಲ್ವ್ ಮುಚ್ಚಿ, ಎರಡೂ ಬದಿಯ ಒತ್ತಡ ಸಮ ಮಾಡುವ ಈಕ್ವಲೈಸಿಂಗ್ ವಾಲ್ವ್ ತೆರೆದು ಓದಿ. ವಾತಾವರಣದಲ್ಲಿ ಸರಿಯಿದ್ದ ಝೀರೋ ಲೈನ್ ಒತ್ತಡದಲ್ಲಿ ಜಾರಿರಬಹುದು. ಈಕ್ವಲೈಸಿಂಗ್ ವಾಲ್ವ್ ಸ್ವಲ್ಪ ಸೋರಿದರೂ ಡಿಪಿ ಕುಸಿದು ಹರಿವು ಕಡಿಮೆ ದಾಖಲಾಗುತ್ತದೆ.

ಗಂಟೆಯ ಸರಾಸರಿ ಡಿಪಿ ಹಿಡಿದು ಹರಿವನ್ನು ಮರುಲೆಕ್ಕ ಮಾಡುವವರಿಗೆ ಒಂದು ಮಾತು. ಅರ್ಧ ಗಂಟೆ 25 ಮಿಲಿಬಾರ್, ಅರ್ಧ ಗಂಟೆ 100 ಇದ್ದರೆ ವರ್ಗಮೂಲಗಳ ಸರಾಸರಿ 7.5, ಸರಾಸರಿ 62.5ರ ವರ್ಗಮೂಲ 7.9. ಐದು ಶೇಕಡಾಕ್ಕೂ ಹೆಚ್ಚು ಅಂತರ ಇಲ್ಲೇ ಹುಟ್ಟಿತು.

ದ್ರವಕ್ಕೆ ಬಂದರೆ ಪಲ್ಸ್, ಅಂದರೆ ಮೀಟರ್ ಹರಿವಿಗೆ ತಕ್ಕಂತೆ ಕಳಿಸುವ ವಿದ್ಯುತ್ ಮಿಡಿತ, ಮುಖ್ಯ. ಕೇಬಲ್ ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ, ಮೋಟಾರ್ ಡ್ರೈವ್ ಕೇಬಲ್‌ಗಳಿಂದ ದೂರ ಎಳೆಯಿರಿ. ಟರ್ಬೈನಿನ ಎರಡೂ ಪಿಕಪ್ (ಪಲ್ಸ್ ಹುಟ್ಟಿಸುವ ಸಂವೇದಕ) ಜೋಡಿಸಿ ಹೋಲಿಕೆ ಆನ್ ಮಾಡಿದರೆ ಕಳೆದ ಮತ್ತು ಹೆಚ್ಚುವರಿ ಪಲ್ಸ್‌ಗಳು ಅಲಾರ್ಮಾಗಿ ಬರುತ್ತವೆ. 15 ಡಿಗ್ರಿಯ ಸಾಂದ್ರತೆ ಕೇಳುವ ಜಾಗದಲ್ಲಿ ಲೈನಿನ ಸಾಂದ್ರತೆ ತುಂಬುವುದು, ಕಚ್ಚಾತೈಲಕ್ಕೆ ಸಂಸ್ಕರಿತ ತೈಲದ ಕೋಷ್ಟಕ ಆರಿಸುವುದು, ಇವೆರಡೂ ಪದೇಪದೇ ಆಗುವ ತಪ್ಪುಗಳು.

ಪರೀಕ್ಷೆಗೆ ಮುಂಚೆ ಮೇಂಟೆನೆನ್ಸ್ ಮೋಡ್ ಹಾಕಿ, ಇಲ್ಲದಿದ್ದರೆ ಪರೀಕ್ಷೆಯ ಹರಿವೂ ಮೊತ್ತಕ್ಕೆ ಸೇರುತ್ತದೆ. ಕೀಪ್ಯಾಡಿನಿಂದ ಡಿಪಿ, ಒತ್ತಡ, ತಾಪಮಾನ ಸ್ಥಿರವಾಗಿ ಕೊಟ್ಟು ಫಲಿತಾಂಶವನ್ನು ಬೇರೊಂದು ಲೆಕ್ಕದೊಂದಿಗೆ ಹೋಲಿಸಿ. ಮುಗಿದ ಮೇಲೆ ಪ್ರತಿಯೊಂದು ಇನ್‌ಪುಟ್ಟನ್ನೂ ಲೈವ್‌ಗೆ ಮರಳಿಸಿ, ಈವೆಂಟ್ ಲಾಗ್ ತೆರೆದು ಆ ಬದಲಾವಣೆ ಸಮಯಸಹಿತ ದಾಖಲಾಗಿದೆಯೇ ಎಂದು ನೋಡಿಕೊಳ್ಳಿ.