ಸಿಗಂದೂರಿನ ದಾರಿಯಲ್ಲಿ ಜಲಾಂತರ್ಗಾಮಿಯ ಮಾತು

ಸೇತುವೆಯಾದ ಮೇಲೆ ಸಿಗಂದೂರಿಗೆ ಹೋಗುವವರಿಗೆ ಶರಾವತಿ ಹಿನ್ನೀರು ಕೆಲವೇ ನಿಮಿಷಗಳ ನೋಟವಾಗಿಬಿಟ್ಟಿದೆ. 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಅದಕ್ಕೆ ಮುಂಚಿನ ಬೇಸಿಗೆಯಲ್ಲಿ ನಾವು ಹೋದಾಗ ಹೊಳೆಬಾಗಿಲಿನ ದಡದಲ್ಲಿ ಲಾಂಚ್‌ಗಾಗಿ ಸಾಲುಗಟ್ಟಿ ನಿಲ್ಲುವ ರೂಢಿ ಇನ್ನೂ ಉಳಿದಿತ್ತು. ಜೊತೆಗಿದ್ದವರು ನನ್ನ ಸೋದರಮಾವ. ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಸೋನಾರ್, ಅಂದರೆ ನೀರಿನೊಳಗಿನ ಶಬ್ದದಿಂದ ಸುತ್ತಲಿನದನ್ನು ಪತ್ತೆಹಚ್ಚುವ, ಕೆಲಸ ಮಾಡಿ ನಿವೃತ್ತರಾದ ಅವರಿಗೆ ಅಮ್ಮನವರಿಗೆ ಹೇಳಿಕೊಂಡಿದ್ದ ಹಳೆಯದೊಂದು ಹರಕೆಯನ್ನು ತೀರಿಸಬೇಕಾಗಿತ್ತು. ಶಿವಮೊಗ್ಗದಿಂದ ಆಯನೂರು, ಕುಂಸಿ, ಚೋರಡಿ, ಆನಂದಪುರಗಳನ್ನು ದಾಟಿ ಸಾಗರ ತಲುಪುವವರೆಗೆ ಅವರು ಆಡಿದ ಮಾತು ಅಡಿಕೆಯ ಧಾರಣೆ ಮತ್ತು ಈ ಬಾರಿಯ ಮಾವಿನ ಮಿಡಿಯ ಬಗ್ಗೆ ಮಾತ್ರ. ನೀರು ಕಣ್ಣಿಗೆ ಬಿದ್ದ ಮೇಲೆಯೇ ಅವರು ತಮ್ಮ ವೃತ್ತಿಯ ಮಾತು ತೆಗೆದದ್ದು.

ಹಿನ್ನೀರು ಬಹಳ ಇಳಿದಿತ್ತು. ದಡದ ಕೆಂಪು ಮಣ್ಣಿನಲ್ಲಿ ನೀರು ವಾರವಾರವೂ ಬಿಟ್ಟುಹೋದ ಗೆರೆಗಳು ಒಂದರ ಕೆಳಗೊಂದು ಕಾಣುತ್ತಿದ್ದವು, ಅಲ್ಲಲ್ಲಿ ಬೂದು ಬಣ್ಣಕ್ಕೆ ತಿರುಗಿದ ಮರದ ಬೊಡ್ಡೆಗಳು ನೀರಿನಿಂದ ಮೇಲೆದ್ದಿದ್ದವು. ಲಾಂಚ್ ದಡಕ್ಕೆ ಬಂದಾಗ ಮೊದಲು ಒಂದು ಬಸ್ಸು ಹಿಮ್ಮುಖವಾಗಿ ಏರಿತು. ಅದರ ಹಿಂದೆ ಎರಡು ಕಾರುಗಳು ಒಂದೇ ಬದಿಗೆ ಬಂದು ನಿಂತದ್ದರಿಂದ ಲಾಂಚ್ ಸ್ವಲ್ಪ ವಾಲಿತು. ಸಿಬ್ಬಂದಿಯಲ್ಲೊಬ್ಬರು ಕೈಬೀಸಿ ಒಂದು ಕಾರನ್ನು ಆಚೆ ಬದಿಗೆ ಸರಿಸಿದರು, ಬೈಕುಗಳನ್ನು ಮುಂದಕ್ಕೆ ಕಳುಹಿಸಿದರು, ಲಾಂಚ್ ಮಟ್ಟಕ್ಕೆ ಬಂದ ಮೇಲೆಯೇ ಹಗ್ಗ ಬಿಚ್ಚಿದರು. ಇದನ್ನೆಲ್ಲ ಕಣ್ಣು ಕದಲಿಸದೆ ನೋಡುತ್ತಿದ್ದ ಮಾವ, "ನೋಡಿದೆಯಾ, ಇವರು ಟ್ರಿಮ್ ಮಾಡಿದರು, ಅಂದರೆ ತೂಕ ಸರಿದೂಗಿಸಿದರು. ನಾವು ಮಾಡುತ್ತಿದ್ದುದೂ ಇದನ್ನೇ, ಆದರೆ ದಿನದ ಇಪ್ಪತ್ನಾಲ್ಕು ಗಂಟೆ" ಎಂದರು.

ಜಲಾಂತರ್ಗಾಮಿ ಮುಳುಗುವುದನ್ನು ನಮ್ಮಂಥವರು ಬಹಳ ಸರಳವಾಗಿ ಕಲ್ಪಿಸಿಕೊಂಡಿರುತ್ತೇವೆ: ಟ್ಯಾಂಕಿಗೆ ನೀರು ತುಂಬಿಕೊಂಡರೆ ಇಳಿಯುತ್ತದೆ, ಹೊರಗೆ ತಳ್ಳಿದರೆ ಏರುತ್ತದೆ. ದೊಡ್ಡ ಬ್ಯಾಲಸ್ಟ್ ಟ್ಯಾಂಕುಗಳ ಮಟ್ಟಿಗೆ ಅದು ನಿಜವೂ ಹೌದು. ಮೇಲಿನ ಕವಾಟಗಳನ್ನು ತೆರೆದರೆ ಒಳಗಿನ ಗಾಳಿ ಹೊರಬಿದ್ದು ಕೆಳಗಿನಿಂದ ಸಮುದ್ರದ ನೀರು ನುಗ್ಗುತ್ತದೆ, ಮೇಲೇಳಬೇಕಾದಾಗ ಉಕ್ಕಿನ ಸಿಲಿಂಡರುಗಳಲ್ಲಿ ಅತಿ ಒತ್ತಡದಲ್ಲಿ ತುಂಬಿಟ್ಟ ಗಾಳಿ ಆ ನೀರನ್ನು ಹೊರದೂಡುತ್ತದೆ. ಆದರೆ ಮುಳುಗಿದ ಮೇಲೆ ಬೇಕಾದ ಆಳದಲ್ಲಿ ನಿಲ್ಲುವುದೇ ಕಷ್ಟದ ಕೆಲಸ. ಹಡಗಿನ ತೂಕವೂ ಅದು ಸ್ಥಳಾಂತರಿಸಿದ ನೀರಿನ ತೂಕವೂ ಹೆಚ್ಚುಕಡಿಮೆ ಒಂದೇ ಆಗಿರಬೇಕು, ಮತ್ತು ಆ ಲೆಕ್ಕ ಒಂದು ಗಳಿಗೆಯೂ ಸ್ಥಿರವಾಗಿರುವುದಿಲ್ಲ. ಆಳಕ್ಕೆ ಇಳಿದಂತೆ ಪ್ರತಿ 10 ಮೀಟರಿಗೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದರಿಂದ ಉಕ್ಕಿನ ಒಡಲೇ ತುಸು ಕುಗ್ಗುತ್ತದೆ. ಕುಗ್ಗಿದ ಹಡಗು ಕಡಿಮೆ ನೀರನ್ನು ಸ್ಥಳಾಂತರಿಸುತ್ತದೆ, ಆದ್ದರಿಂದ ಇನ್ನಷ್ಟು ಇಳಿಯತೊಡಗುತ್ತದೆ. ಡೀಸೆಲ್ ಖರ್ಚಾದಂತೆ ಹಡಗು ಹಗುರವಾಗಬೇಕಲ್ಲವೇ ಎಂದು ನಾನು ಕೇಳಿದೆ. ಅವರು ನಕ್ಕು, ಆಗುವುದು ಅದರ ವಿರುದ್ಧ ಎಂದರು. ಇಂಧನದ ಟ್ಯಾಂಕಿನಲ್ಲಿ ಖಾಲಿಯಾದಷ್ಟು ಜಾಗಕ್ಕೆ ಸಮುದ್ರದ ನೀರು ಬಂದು ಕೂರುತ್ತದೆ, ಡೀಸೆಲ್ ಅದರ ಮೇಲೆ ತೇಲುತ್ತದೆ. ನೀರು ಡೀಸೆಲಿಗಿಂತ ಭಾರವಾದ್ದರಿಂದ ಎಣ್ಣೆ ಸುಟ್ಟಷ್ಟೂ ಹಡಗಿನ ಭಾರ ಹೆಚ್ಚುತ್ತದೆ. ಬಿಟ್ಟ ಟಾರ್ಪೆಡೋ, ಹೊರಹಾಕಿದ ಕಸ, ಹಿಂಬದಿಯ ಕೋಣೆಯಿಂದ ಮುಂಬದಿಗೆ ಒಟ್ಟಾಗಿ ನಡೆದುಬಂದ ಹತ್ತು ಜನ, ಎಲ್ಲವೂ ಲೆಕ್ಕಕ್ಕೆ ಸೇರಬೇಕು.

ಲಾಂಚ್ ನಡುನೀರಿಗೆ ಬಂದಿತ್ತು. ಬಲಗಡೆ ಸೇತುವೆಯ ಕಂಬಗಳು ನಿಂತಿದ್ದವು. ಬಸ್ಸಿನಿಂದಿಳಿದ ಯಾತ್ರಿಕರು ಕಟಕಟೆಗೆ ಒರಗಿ ಫೋಟೋ ತೆಗೆದುಕೊಳ್ಳುತ್ತಿದ್ದಾಗ ಚಾಲಕರು ನೇರವಾದ ದಾರಿ ಬಿಟ್ಟು ಎಡಕ್ಕೆ ಒಂದು ಬಳಸು ಹಾಕಿದರು. ನಮಗೆ ಅಲ್ಲಿ ಬರಿಯ ನೀರು ಕಾಣುತ್ತಿತ್ತು. ಅವರಿಗೆ ಅದರ ಕೆಳಗಿನ ಬೊಡ್ಡೆಗಳೂ ದಿಬ್ಬವೂ ಗೊತ್ತಿದ್ದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಈ ನೀರಿನಡಿ ಹೋದದ್ದು ಕಾಡು ಮತ್ತು ಗದ್ದೆಗಳು ಮಾತ್ರವಲ್ಲ. ಜೋಗದ ವಿದ್ಯುದಾಗಾರಕ್ಕಾಗಿ ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರು ಅಣೆಕಟ್ಟೇ ಇಡಿಯಾಗಿ ಮುಳುಗಿದೆ, ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮೇಲೇಳುತ್ತದೆ. ಊರು ಬಿಟ್ಟವರ ಮಕ್ಕಳು ಈಗಲೂ ಮುಳುಗಡೆ ಎಂಬ ಪದವನ್ನು ಕಾಲಗಣನೆಗೆ ಬಳಸುವ ಸೀಮೆ ಇದು. ಚಾಲಕರ ದಾರಿಗೆ ಆಧಾರವಾದದ್ದು ಎರಡು ಗುಡ್ಡಗಳ ನೆತ್ತಿ ಮತ್ತು ಒಂದು ನಡುಗಡ್ಡೆಯ ಅಂಚು. ಕಣ್ಣಿಗೆ ಕಾಣುವ ಗುರುತುಗಳಿರುವವರೆಗೆ ಕಾಣದ ಅಪಾಯವನ್ನು ತಪ್ಪಿಸುವುದು ಸಾಧ್ಯ.

ಜಲಾಂತರ್ಗಾಮಿಗೆ ಆ ಭಾಗ್ಯವೂ ಇಲ್ಲ. ಅದಕ್ಕೆ ಕಿಟಕಿಯಿಲ್ಲ, ಇದ್ದರೂ ಕತ್ತಲೆಯಲ್ಲಿ ಪ್ರಯೋಜನವಿಲ್ಲ. ಉಪಗ್ರಹದಿಂದ ಬರುವ ಜಿಪಿಎಸ್ ಸಂಕೇತ ಸಮುದ್ರದ ನೀರಿನ ಮೇಲ್ಮೈಯಲ್ಲೇ ಇಂಗಿಹೋಗುತ್ತದೆ. ಹೀಗಾಗಿ ಎಲ್ಲಿ ಮುಳುಗಿದೆವು, ಯಾವ ದಿಕ್ಕಿಗೆ, ಯಾವ ವೇಗದಲ್ಲಿ, ಎಷ್ಟು ಹೊತ್ತು ಬಂದೆವು ಎಂಬುದನ್ನು ಕೂಡುತ್ತ ನಕ್ಷೆಯ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದೇ ಮೂಲ ವಿದ್ಯೆ. ದಿಕ್ಕಿಗೆ ಗೈರೋ ಕಂಪಾಸು, ವೇಗಕ್ಕೆ ಹಡಗಿನ ತಳದ ಮಾಪಕ. ತೊಂದರೆ ಬರುವುದು ಸಮುದ್ರವೇ ಚಲಿಸುತ್ತಿರುವುದರಿಂದ. ಗಮನಕ್ಕೆ ಬಾರದ ಅರ್ಧ ನಾಟ್ ವೇಗದ ಒಳಹರಿವು ಹಡಗನ್ನು ಒಂದು ದಿನದಲ್ಲಿ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ಪಕ್ಕಕ್ಕೆ ಒಯ್ದಿರುತ್ತದೆ. ಶಿವಮೊಗ್ಗದಲ್ಲಿದ್ದೇವೆ ಎಂದುಕೊಂಡವರು ಭದ್ರಾವತಿಯಲ್ಲಿದ್ದಂತೆ. ಆದ್ದರಿಂದ ನ್ಯಾವಿಗೇಟರ್ ನಕ್ಷೆಯ ಮೇಲೆ ಇಡುವುದು ಚುಕ್ಕೆಯನ್ನಲ್ಲ, ಒಂದು ವೃತ್ತವನ್ನು. ಹಡಗು ಇದರೊಳಗೆ ಎಲ್ಲೋ ಇದೆ ಎಂದು ಅದರ ಅರ್ಥ, ಮತ್ತು ಗಂಟೆಗಳು ಕಳೆದಂತೆ ಆ ವೃತ್ತ ಹಿಗ್ಗುತ್ತ ಹೋಗುತ್ತದೆ. ಪೆರಿಸ್ಕೋಪಿನ ಆಳಕ್ಕೆ ಏರಿ ದೀಪಸ್ತಂಭವೊಂದರ ದಿಕ್ಕನ್ನು ಅಳೆದಾಗಲೋ ಉಪಗ್ರಹದ ಸಂಕೇತ ಹಿಡಿದಾಗಲೋ ಅದು ಮತ್ತೆ ಚುಕ್ಕೆಯಾಗುತ್ತದೆ.

ವೃತ್ತ ಹಿಗ್ಗುವುದನ್ನು ನಿಧಾನಗೊಳಿಸಿದ್ದು ಜಡತ್ವ ಆಧಾರಿತ ಪಥದರ್ಶನ. ಗೈರೋಸ್ಕೋಪುಗಳು ದಿಕ್ಕಿನ ಆಧಾರವನ್ನು ಹಿಡಿದಿಡುತ್ತವೆ, ವೇಗದ ಅತಿ ಸಣ್ಣ ಏರಿಳಿತವನ್ನೂ ಸೂಕ್ಷ್ಮ ಮಾಪಕಗಳು ದಾಖಲಿಸುತ್ತವೆ, ಅವನ್ನು ಕೂಡಿ ಕೂಡಿ ಯಂತ್ರವೇ ಸ್ಥಾನ ಹೇಳುತ್ತದೆ. ಅಮೆರಿಕದ ಜಲಾಂತರ್ಗಾಮಿ ನಾಟಿಲಸ್ 1958ರ ಆಗಸ್ಟ್ 3ರಂದು ಹಿಮದಡಿಯಲ್ಲಿ ಉತ್ತರ ಧ್ರುವವನ್ನು ದಾಟಿದ್ದು ಇಂಥದೊಂದು ಸಾಧನದ ಬಲದಿಂದ. ಧ್ರುವದ ಹತ್ತಿರ ಕಾಂತೀಯ ದಿಕ್ಸೂಚಿಯೂ ಗೈರೋ ಕಂಪಾಸೂ ದಿಕ್ಕು ಹೇಳುವ ಶಕ್ತಿ ಕಳೆದುಕೊಳ್ಳುತ್ತವೆ. ಆದರೂ ಸ್ಥಾನ ಸರಿಯಾಗಿ ಗೊತ್ತಿದ್ದರೆ ಸಾಲದು, ನಕ್ಷೆಯೂ ಸರಿಯಾಗಿರಬೇಕು. 2005ರ ಜನವರಿ 8ರಂದು ಯುಎಸ್ಎಸ್ ಸ್ಯಾನ್ ಫ್ರಾನ್ಸಿಸ್ಕೋ ಎಂಬ ಅಣುಶಕ್ತಿಯ ಜಲಾಂತರ್ಗಾಮಿ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಆಗ್ನೇಯಕ್ಕೆ ಭಾರೀ ವೇಗದಲ್ಲಿ ಸಾಗುತ್ತಿದ್ದಾಗ ಸಮುದ್ರದೊಳಗಿನ ಪರ್ವತವೊಂದಕ್ಕೆ ಡಿಕ್ಕಿ ಹೊಡೆಯಿತು. ಒಬ್ಬ ನಾವಿಕ ಸತ್ತರು, ಬಹಳ ಜನ ಗಾಯಗೊಂಡರು, ಮೂತಿ ನಜ್ಜುಗುಜ್ಜಾದ ಹಡಗು ಹೇಗೋ ಮೇಲೆದ್ದು ಗುವಾಮ್‌ಗೆ ಮರಳಿತು. ಅವರು ಬಳಸುತ್ತಿದ್ದ ನಕ್ಷೆಯಲ್ಲಿ ಆ ಪರ್ವತ ಇರಲಿಲ್ಲ. ಹಡಗಿನಲ್ಲೇ ಇದ್ದ ಬೇರೆ ನಕ್ಷೆಗಳಲ್ಲಿ ಅಪಾಯದ ಸೂಚನೆಯಿತ್ತು. ಮಾವ ಈ ಘಟನೆಯನ್ನು ಹೇಳುವಾಗ ಲಾಂಚಿನ ಚಾಲಕರ ಕಡೆಗೆ ನೋಡಿದರೇ ಹೊರತು ಮತ್ತೇನನ್ನೂ ಸೇರಿಸಲಿಲ್ಲ.

ಸುತ್ತ ಏನಿದೆ ಎಂದು ತಿಳಿಯಲು ಸೋನಾರಿನಿಂದ ಶಬ್ದ ಕಳುಹಿಸಿ ಪ್ರತಿಧ್ವನಿ ಕೇಳಬಹುದಲ್ಲ ಎಂದೆ. ಕಳುಹಿಸಬಹುದು, ಆದರೆ ಕಳುಹಿಸಿದ ಕೂಡಲೇ ನಾವು ಇಲ್ಲಿದ್ದೇವೆ ಎಂದು ದೂರದೂರದವರಿಗೆಲ್ಲ ಸಾರಿದಂತಾಗುತ್ತದೆ. ಆದ್ದರಿಂದ ಸೋನಾರ್ ಕೋಣೆಯವರ ಹೆಚ್ಚಿನ ಕೆಲಸ ಕೇಳುವುದು. ಮಾವ ಲಾಂಚಿನ ಕಟಕಟೆಗೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಬೆರಳಿನಿಂದ ತಾಳ ಹಾಕುತ್ತ ನಿಂತರು. ಪ್ರೊಪೆಲ್ಲರಿನ ಒಂದೊಂದು ರೆಕ್ಕೆಯೂ ನೀರನ್ನು ಬಡಿಯುವ ಲಯ ಬೇರೆಯಾಗಿ ಕೇಳುತ್ತದೆಯಂತೆ. ರೆಕ್ಕೆಗಳ ಸಂಖ್ಯೆ ತಿಳಿದರೆ ಸುತ್ತುಗಳ ಲೆಕ್ಕ ಸಿಗುತ್ತದೆ, ಸುತ್ತುಗಳಿಂದ ವೇಗ ಸಿಗುತ್ತದೆ. ಕೇಳುವುದರಿಂದ ಸಿಗದಿರುವುದು ದೂರ. ಶಬ್ದ ಯಾವ ದಿಕ್ಕಿನಿಂದ ಬಂತು ಎಂಬುದಷ್ಟೇ ಗೊತ್ತಾಗುತ್ತದೆ. ದೂರ ಬೇಕಾದರೆ ತಮ್ಮ ಹಡಗನ್ನೇ ಒಂದು ಕಡೆಗೆ ತಿರುಗಿಸಿ ಸ್ವಲ್ಪ ಹೊತ್ತು ಸಾಗಿ, ಆ ದಿಕ್ಕು ಎಷ್ಟು ವೇಗವಾಗಿ ಬದಲಾಯಿತು ಎಂದು ನೋಡಿ ಲೆಕ್ಕ ಹಾಕಬೇಕು.

ಆಚೆ ದಡದಲ್ಲಿ ಬಸ್ಸು ಹತ್ತುವವರೆಗೆ ಅವರು ಸಮುದ್ರದ ಪದರಗಳ ಬಗ್ಗೆ ಹೇಳಿದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಭಾಗ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ, ಬೆಚ್ಚಗಿನ ನೀರಿನಲ್ಲಿ ಇನ್ನೂ ವೇಗವಾಗಿ, ತಣ್ಣಗಿನದರಲ್ಲಿ ನಿಧಾನವಾಗಿ. ಗಾಳಿ ಕಲಕಿದ ಮೇಲಿನ ಪದರ ಒಂದೇ ಸಮನಾಗಿ ಬೆಚ್ಚಗಿರುತ್ತದೆ. ಅದರ ಕೆಳಗೆ ಉಷ್ಣತೆ ಬೇಗಬೇಗ ಇಳಿಯುತ್ತದೆ. ಆ ಗಡಿಯಲ್ಲಿ ಶಬ್ದದ ಕಿರಣಗಳು ಬಾಗುತ್ತವೆ, ಮೇಲಿನ ಹಡಗಿನ ಸೋನಾರ್ ತಲುಪದ ನೆರಳಿನ ಪ್ರದೇಶಗಳು ಉಂಟಾಗುತ್ತವೆ, ಜಲಾಂತರ್ಗಾಮಿ ಅಡಗುವುದು ಅಲ್ಲಿ. ಮುಂಗಾರಿನ ಗಾಳಿ ಅರಬ್ಬೀ ಸಮುದ್ರವನ್ನು ಕಡೆದಾಗ ಮೇಲಿನ ಪದರ ಆಳಕ್ಕೆ ಇಳಿಯುವುದರಿಂದ, ಬೇಸಿಗೆಯಲ್ಲಿ ಅಡಗಿದ ಆಳ ಮಳೆಗಾಲಕ್ಕೆ ಬರುವುದಿಲ್ಲ.

ಸಿಗಂದೂರಿನಲ್ಲಿ ಜನ ಬಹಳವಿದ್ದರು. ದರ್ಶನವಾಯಿತು, ಹರಕೆ ಸಂದಿತು, ಪ್ರಸಾದದ ಊಟವಾಯಿತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ತುಮರಿ ಭಾಗದ ಜನ ನೆಟ್‌ವರ್ಕಿಗಾಗಿ ಹೋರಾಟವನ್ನೇ ನಡೆಸಿದವರು, ಅವರಿಗೆ ಇದು ವಿನೋದದ ವಿಷಯವಲ್ಲ. ಮುಳುಗಿದ ಹಡಗಿಗೆ ಸುದ್ದಿ ತಲುಪಿಸುವುದು ಹೇಗೆಂದರೆ, ಅತಿ ಕಡಿಮೆ ಕಂಪನಾಂಕದ ರೇಡಿಯೋ ಅಲೆಗಳು ಮಾತ್ರ ಸಮುದ್ರದೊಳಗೆ ಹತ್ತಿಪ್ಪತ್ತು ಮೀಟರ್ ಇಳಿಯುತ್ತವೆ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿರುವ ನೌಕಾಪಡೆಯ ಐಎನ್ಎಸ್ ಕಟ್ಟಬೊಮ್ಮನ್ ಕೇಂದ್ರದ ಎತ್ತರದ ಗೋಪುರಗಳು ಅದಕ್ಕಾಗಿ ಇವೆ. ಆ ಅಲೆಗಳನ್ನು ಹಡಗು ಕೇಳಿಸಿಕೊಳ್ಳಬಹುದು, ಅದೇ ದಾರಿಯಲ್ಲಿ ಉತ್ತರ ಕೊಡುವಂತಿಲ್ಲ. ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ತಿಳಿದವರಿಗೆ ಅದು ಗಂಡೋ ಹೆಣ್ಣೋ ಎಂದು ಕೇಳುವ ಅವಕಾಶವಿರುವುದಿಲ್ಲ ಎಂದರು ಮಾವ. ಅವರದೇ ಅನುಭವವೋ ಎಂದು ನಾನು ಕೇಳಲಿಲ್ಲ.

ಡೀಸೆಲ್ ಹಡಗಿಗೆ ನಿಜವಾದ ಮಿತಿ ಬ್ಯಾಟರಿ. ನೀರಿನೊಳಗೆ ಎಂಜಿನ್ನಿಗೆ ಗಾಳಿಯಿಲ್ಲ, ಓಡುವುದೆಲ್ಲ ಬ್ಯಾಟರಿಯಿಂದ. ವೇಗ ಎರಡರಷ್ಟಾದರೆ ಬೇಕಾಗುವ ಶಕ್ತಿ ಸುಮಾರು ಎಂಟರಷ್ಟಾಗುವುದರಿಂದ, ಎರಡು ಮೂರು ನಾಟ್ ವೇಗದಲ್ಲಿ ದಿನಗಟ್ಟಲೆ ಇರಬಲ್ಲ ಹಡಗು ಪೂರ್ಣ ವೇಗದಲ್ಲಿ ಒಂದೆರಡು ಗಂಟೆಗೇ ಬಸವಳಿಯುತ್ತದೆ. ಆಮೇಲೆ ಮೇಲ್ಮೈಯ ಹತ್ತಿರ ಬಂದು, ಸ್ನಾರ್ಕೆಲ್ ಕೊಳವೆಯನ್ನು ನೀರಿನ ಮೇಲೆ ಎತ್ತಿ, ಗಾಳಿ ಎಳೆದುಕೊಂಡು, ಎಂಜಿನ್ ಓಡಿಸಿ ಚಾರ್ಜ್ ಮಾಡಬೇಕು. ಅಡಗಿರುವುದೇ ಧರ್ಮವಾದ ಹಡಗು ಗದ್ದಲ ಮಾಡಲೇಬೇಕಾದ ಹೊತ್ತು ಅದು. ಅಲೆ ಬಂದು ಕೊಳವೆಯ ಕವಾಟ ಮುಚ್ಚಿಕೊಂಡರೆ ಎಂಜಿನ್ ಒಳಗಿನ ಗಾಳಿಯನ್ನೇ ಹೀರುತ್ತದೆ, ಎಲ್ಲರ ಕಿವಿಯೂ ಗವ್ವೆನ್ನುತ್ತದೆ. ಚಾರ್ಜ್ ಆಗುವ ಬ್ಯಾಟರಿ ಬಿಡುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4ರಷ್ಟಾದರೆ ಹೊತ್ತಿಕೊಳ್ಳಬಲ್ಲದು, ಹಾಗಾಗಿ ಅದರ ಮೇಲೂ ಒಂದು ಕಣ್ಣಿರಬೇಕು.

ಮರಳುವ ಲಾಂಚಿನಲ್ಲಿ ನಮ್ಮ ಮಾತು ಕೇಳಿಸಿಕೊಂಡಿದ್ದ ಕಾಲೇಜು ಹುಡುಗನೊಬ್ಬ, "ಸಾರ್, ಈ ಹಿನ್ನೀರಿನಲ್ಲಿ ಸಬ್‌ಮರೀನ್ ಮುಳುಗಿಸಬಹುದಾ?" ಎಂದು ಕೇಳಿದ. ಮಾವ ಅದನ್ನು ತಮಾಷೆಯೆಂದು ತಳ್ಳಿಹಾಕದೆ ಲೆಕ್ಕ ಮಾಡಿದರು. ನಮ್ಮ ನೌಕಾಪಡೆ ಹಿಂದೆ ಬಳಸುತ್ತಿದ್ದ ಫಾಕ್ಸ್‌ಟ್ರಾಟ್ ವರ್ಗದ ಡೀಸೆಲ್ ಹಡಗು ಮುಳುಗಿದಾಗ ಸುಮಾರು 2,400 ಟನ್. ಸಮುದ್ರದ ನೀರಿಗಿಂತ ಸಿಹಿನೀರು ಶೇಕಡಾ ಎರಡೂವರೆಯಷ್ಟು ಹಗುರ. ಆದ್ದರಿಂದ ಇಲ್ಲಿ ತೇಲಬೇಕಾದರೆ ಮೊದಲು 60 ಟನ್ ತೂಕ ಇಳಿಸಬೇಕು. ಇದೇ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುವಲ್ಲಿ ಮಳೆಗಾಲದಲ್ಲಿ ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು ಇರುತ್ತದೆ, ಅಂಥ ಕಡೆ ತೂಕದ ಅಂದಾಜು ತಪ್ಪಿದರೆ ಹಡಗು ಇದ್ದಕ್ಕಿದ್ದಂತೆ ಕುಸಿಯುತ್ತದೆ. ಇನ್ನು ಉದ್ದ 91 ಮೀಟರ್. ಮೂತಿ 10 ಡಿಗ್ರಿ ಬಾಗಿದರೂ ಮೂತಿಗೂ ಬಾಲಕ್ಕೂ 16 ಮೀಟರ್ ಅಂತರ. ಲಿಂಗನಮಕ್ಕಿ ಅಣೆಕಟ್ಟಿನ ಎತ್ತರವೇ ಸುಮಾರು 60 ಮೀಟರ್. ಕಟ್ಟೆಯಿಂದ ದೂರ ಹೋದಂತೆ ಆಳ ಕಡಿಮೆಯಾಗುವುದರಿಂದ, ತುಂಬಿದಾಗಲೂ ಹಡಗು ತಲೆ ಬಾಗಿಸಲು ಜಾಗ ಸಾಲುವುದು ಕಷ್ಟ. "ಬೊಡ್ಡೆಗಳ ಮಾತಂತೂ ಬೇಡ" ಎಂದು ಮುಗಿಸಿದರು.

ನೋಡಲೇಬೇಕೆಂದಿದ್ದರೆ ವಿಶಾಖಪಟ್ಟಣಕ್ಕೆ ಹೋಗು ಎಂದು ಅವರು ಆ ಹುಡುಗನಿಗೆ ಹೇಳಿದರು. 1969ರಿಂದ 2001ರವರೆಗೆ ಸೇವೆಯಲ್ಲಿದ್ದ, ಅದೇ ಫಾಕ್ಸ್‌ಟ್ರಾಟ್ ವರ್ಗದ ಐಎನ್ಎಸ್ ಕುರ್ಸುರಾವನ್ನು ಅಲ್ಲಿಯ ಆರ್‌ಕೆ ಬೀಚಿನಲ್ಲಿ ದಡಕ್ಕೆ ಎಳೆದು ವಸ್ತುಸಂಗ್ರಹಾಲಯವಾಗಿಸಿದ್ದಾರೆ. ಏಳು ಕೋಣೆಗಳಿವೆ, ದುಂಡನೆಯ ಬಾಗಿಲುಗಳಲ್ಲಿ ಕಾಲು ಮೊದಲು ತೂರಿಸಿ ದಾಟಬೇಕು. ಬಂದವರೆಲ್ಲ ಟಾರ್ಪೆಡೋ ನಳಿಕೆಗಳ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀನು ಮೂರನೆಯ ಕೋಣೆಯಲ್ಲಿ ನಿಂತು ಗೋಡೆಯ ತುಂಬ ಇರುವ ಕವಾಟಗಳ ಚಕ್ರಗಳನ್ನು ನೋಡು, ಅವುಗಳಲ್ಲಿ ಒಂದೊಂದೂ ಯಾವುದೆಂದು ದೀಪವಾರಿದಾಗ ಕೈಯಿಂದ ಮುಟ್ಟಿ ಹೇಳಲು ಬಂದ ಮೇಲೆಯೇ ನಮಗೆ ಜಲಾಂತರ್ಗಾಮಿಯ ಬಿಲ್ಲೆ ಕೊಡುತ್ತಿದ್ದರು ಎಂದರು. ಹುಡುಗ ಹಡಗಿನ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡು ಫೋನಿನಲ್ಲಿ ಬರೆದುಕೊಂಡ.