‘ರನ್’ ಕಂಡಲ್ಲೆಲ್ಲ ‘ಓಡು’ ಬರೆಯಬೇಡಿ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವರನ್ನು ಕಠಿಣ ಪದಗಳು ಅಷ್ಟಾಗಿ ಕಾಡುವುದಿಲ್ಲ. ಅವು ಕಂಡ ಕೂಡಲೇ ನಿಘಂಟು ತೆರೆಯುತ್ತೇವೆ. ಎಡವುವುದು ‘ರನ್’ನಂಥ ಚಿರಪರಿಚಿತ ಪದದಲ್ಲಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣೆಯಲ್ಲಿ ಈ ಒಂದು ಕ್ರಿಯಾಪದಕ್ಕೇ 645 ಅರ್ಥಗಳು ಲೆಕ್ಕಕ್ಕೆ ಸಿಕ್ಕಿವೆ. ಅಷ್ಟನ್ನೂ ಬಾಯಿಪಾಠ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ.

ವಾಕ್ಯದಲ್ಲಿ ‘ರನ್’ ಅನ್ನು ಬೆರಳಿನಿಂದ ಮುಚ್ಚಿ, ಅದರ ಅಕ್ಕಪಕ್ಕದ ನಾಮಪದ ನೋಡಿ. ಆ ನಾಮಪದಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ ತಾನಾಗಿ ಬಂದು ಸೇರುತ್ತದೋ ಅದೇ ಉತ್ತರ. ಮೂಗು ಸೋರುತ್ತದೆ. ನಲ್ಲಿ ಸುರಿಯುತ್ತದೆ. ಹೊಳೆ ಹರಿಯುತ್ತದೆ. ಹೊಸ ಬಟ್ಟೆ ಬಣ್ಣ ಬಿಡುತ್ತದೆ. ಬಸ್ಸು ಓಡಾಡುತ್ತದೆ, ರಸ್ತೆ ಕಾಡಿನ ಅಂಚಿನಲ್ಲಿ ಹಾದುಹೋಗುತ್ತದೆ. ಕರಾರು ಎರಡು ವರ್ಷ ಜಾರಿಯಲ್ಲಿರುತ್ತದೆ. ಸಕ್ಕರೆ ಮುಗಿಯುತ್ತದೆ, ಬಾವಿ ಬತ್ತುತ್ತದೆ. ಇಷ್ಟಕ್ಕೂ ಇಂಗ್ಲಿಷಿಗೆ ‘ರನ್’, ಹೆಚ್ಚೆಂದರೆ ಅದರ ಬಾಲಕ್ಕೊಂದು ‘ಔಟ್’ ಅಥವಾ ‘ಡ್ರೈ’ ಸಾಕು.

ಆಮೇಲೆ ನೋಡಬೇಕಾದದ್ದು, ತಾನೇ ಆಗುತ್ತಿದೆಯೋ, ಯಾರಾದರೂ ಮಾಡಿಸುತ್ತಿದ್ದಾರೋ ಎಂಬುದನ್ನು. ಇಂಗ್ಲಿಷಿನಲ್ಲಿ ಎರಡಕ್ಕೂ ರೂಪ ಒಂದೇ. ಕನ್ನಡದಲ್ಲಿ ಅಂಗಡಿ ನಡೆಯುತ್ತದೆ, ಮಾಲೀಕರು ಅಂಗಡಿ ನಡೆಸುತ್ತಾರೆ. ಆದರೆ ‘ಇಸು’ ಹಚ್ಚಿದ ಮಾತ್ರಕ್ಕೆ ಎಲ್ಲವೂ ಸರಿಹೋಗದು: ಕಾರು ಓಡಿಸಬಹುದು, ಶಾಲೆ ಓಡಿಸಲಾಗದು. ಮನೆಖರ್ಚಿನ ಮಾತು ಬಂದರೆ ‘ಸಂಸಾರ ತೂಗಿಸುವುದು’ ಎಂಬ ಚೆಂದದ ಮಾತು ನಮ್ಮಲ್ಲೇ ಇದೆ.

ಅತಿ ಹೆಚ್ಚು ತಪ್ಪು ಕಾಣುವುದು ತಂತ್ರಾಂಶದ ಪರದೆಯಲ್ಲಿ ಬರುವ ಪದಗಳ ಅನುವಾದದಲ್ಲಿ. ಅಲ್ಲಿ ಪೂರ್ತಿ ವಾಕ್ಯವೇ ಇರುವುದಿಲ್ಲ; ಅನುವಾದಕರ ಕೈಗೆ ಬರುವ ಎಕ್ಸೆಲ್ ಹಾಳೆಯ ಒಂದು ಕೋಶದಲ್ಲಿ ‘ರನ್’ ಎಂದಷ್ಟೇ ಇರುತ್ತದೆ. ಅದು ಬಟನ್ ಆಗಿದ್ದರೆ ‘ಚಲಾಯಿಸಿ’. ಸ್ಥಿತಿ ತೋರಿಸುವ ‘ರನ್ನಿಂಗ್’ ಆಗಿದ್ದರೆ ‘ಚಾಲನೆಯಲ್ಲಿದೆ’. ‘ರನ್ 3 ಆಫ್ 10’ ಬಂದರೆ ಅದು ನಾಮಪದ: ‘10ರಲ್ಲಿ 3ನೇ ಸುತ್ತು’. ಇನ್ನೊಂದು ಹೊಂಚು ಹಾಕಿ ಕೂತಿರುತ್ತದೆ: ‘ಟೆಸ್ಟ್ಸ್ ರನ್: 42’. ‘ರನ್’ನ ಮೂಲರೂಪವೂ ಭೂತಕೃದಂತವೂ (‘ನಡೆಸಿದ’ ಎಂಬಂಥ ರೂಪ) ಒಂದೇ ಆದ್ದರಿಂದ ಇದನ್ನು ಆಜ್ಞೆ ಎಂದು ಓದಿ ‘ಪರೀಕ್ಷೆಗಳನ್ನು ಚಲಾಯಿಸಿ: 42’ ಎಂದು ಬರೆದುಬಿಡುತ್ತಾರೆ. ಅದು ಕೆಲಸ ಮುಗಿದ ಮೇಲಿನ ವರದಿ. ‘ನಡೆಸಿದ ಪರೀಕ್ಷೆಗಳು: 42’ ಎಂದಾಗಬೇಕು. ಆ ಪದ ಪರದೆಯ ಮೇಲೆ ಎಲ್ಲಿ ಬರುತ್ತದೆಂದು ಸ್ಕ್ರೀನ್‌ಶಾಟ್ ತರಿಸಿಕೊಂಡು ನೋಡುವ ತನಕ ಅದನ್ನು ಮುಟ್ಟದಿರುವುದು ವಾಸಿ.

‘ಡ್ರೈ ರನ್’ ಅನ್ನು ‘ಒಣ ಓಟ’ ಮಾಡಿದರೆ ಓದುಗರಿಗೆ ಏನೂ ತಿಳಿಯದು. ಸಮಾರಂಭದ ಸಂದರ್ಭದಲ್ಲಿ ಅದು ತಾಲೀಮು. ತಂತ್ರಾಂಶದಲ್ಲಿ, ಏನನ್ನೂ ಬದಲಿಸದೆ ಏನೇನು ಬದಲಾಗಲಿದೆ ಎಂದು ತೋರಿಸುವ ಪ್ರಾಯೋಗಿಕ ಚಾಲನೆ. ನೀರೆತ್ತುವ ಪಂಪಿನ ಕೈಪಿಡಿಯಲ್ಲಿ ಮಾತ್ರ ಅದು ಎಚ್ಚರಿಕೆ: ನೀರಿಲ್ಲದೆ ಮೋಟಾರ್ ಓಡಿಸಬೇಡಿ. ಪಂಪಿನಲ್ಲಿ ಸೋರಿಕೆ ತಡೆಯುವ ಸೀಲನ್ನು ತಂಪಾಗಿಟ್ಟು ಜಾರುವಂತೆ ಮಾಡುವುದು ನೀರೇ. ಅದಿಲ್ಲದಿದ್ದರೆ ಸೀಲು ಕಾದು ಸುಟ್ಟುಹೋಗುತ್ತದೆ. ಇಲ್ಲಿ ‘ಪ್ರಾಯೋಗಿಕ ಚಾಲನೆ ಬೇಡ’ ಎಂದು ಬರೆದರೆ ಕೈಪಿಡಿ ನಂಬಿದವರ ಪಂಪು ಹಾಳಾಗುತ್ತದೆ.

ನಿಜವಾಗಿಯೂ ಕಾಲಿನಿಂದ ಓಡುವಾಗಲೂ ಪದ ಆರಿಸಬೇಕು. ಇಂಗ್ಲಿಷ್ ಓಟದ ಬಗೆಬಗೆಗೆ ಬೇರೆ ಬೇರೆ ಕ್ರಿಯಾಪದ ಇಟ್ಟುಕೊಂಡಿದೆ: ಸ್ಪ್ರಿಂಟ್, ಜಾಗ್, ಡ್ಯಾಶ್, ಬೋಲ್ಟ್, ಸ್ಕರ್ರಿ. ಕನ್ನಡ ಬಹಳ ಕಡೆ ‘ಓಡು’ವನ್ನೇ ಉಳಿಸಿಕೊಂಡು ಅದರ ಮುಂದೆ ಸದ್ದನ್ನೋ ಚಿತ್ರವನ್ನೋ ಇಡುತ್ತದೆ. ಮಗು ಗುಡುಗುಡು ಓಡುತ್ತದೆ, ಇಲಿ ಸರಕ್ಕನೆ ಓಡಿ ಬಿಲ ಸೇರುತ್ತದೆ, ಹೆದರಿದವರು ಎದ್ದೆನೋ ಬಿದ್ದೆನೋ ಎಂದು ಓಡುತ್ತಾರೆ. ಆದ್ದರಿಂದ ಒಂದಕ್ಕೊಂದು ಕ್ರಿಯಾಪದ ಹುಡುಕುತ್ತ ಕೂರಬೇಡಿ. ಕುದುರೆಯ ಗ್ಯಾಲಪ್‌ಗೆ ನಾಗಾಲೋಟ ಇದೆ. ‘ಧಾವಿಸು’ವಿನಲ್ಲಿ ತುರ್ತು ಇದೆ: ಅಗ್ನಿಶಾಮಕ ದಳ ಸ್ಥಳಕ್ಕೆ ಧಾವಿಸುತ್ತದೆ, ಬೆಳಗಿನ ವ್ಯಾಯಾಮದ ಓಟಕ್ಕೆ ಆ ಪದ ಹೊಂದದು. ತಪ್ಪಿಸಿಕೊಂಡು ಓಡುವುದಕ್ಕೆ ಕಥೆಯಲ್ಲಾದರೆ ‘ಕಾಲಿಗೆ ಬುದ್ಧಿ ಹೇಳಿದ’, ಸುದ್ದಿಯಲ್ಲಾದರೆ ‘ಪರಾರಿಯಾದ’. ‘ಆನ್ ದ ರನ್’ ಎಂದರೆ ತಲೆಮರೆಸಿಕೊಂಡಿದ್ದಾನೆ. ಅವನು ಆ ಹೊತ್ತಿಗೆ ಒಂದು ಕೋಣೆಯಲ್ಲಿ ಸುಮ್ಮನೆ ಕೂತಿರಲೂಬಹುದು.

ಚುನಾವಣೆಗೆ ಅಮೆರಿಕನ್ ಇಂಗ್ಲಿಷಿನಲ್ಲಿ ‘ರನ್’ ಮಾಡುತ್ತಾರೆ, ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಸ್ಟ್ಯಾಂಡ್’ ಆಗುತ್ತಾರೆ. ಕನ್ನಡದಲ್ಲೂ ಚುನಾವಣೆಗೆ ನಿಲ್ಲುವುದೇ. ‘ರನ್ನಿಂಗ್ ಮೇಟ್’ ಕುದುರೆ ಪಂದ್ಯದಿಂದ ಬಂದ ಮಾತು. ಅಮೆರಿಕದ ಅಧ್ಯಕ್ಷ ಚುನಾವಣೆಯ ಸುದ್ದಿಯಲ್ಲಿ ‘ಉಪಾಧ್ಯಕ್ಷ ಅಭ್ಯರ್ಥಿ’ ಎಂದರೆ ಸ್ಪಷ್ಟ.

‘ಓಡು’ ಹೊಂದುವ ಕಡೆ ಅದನ್ನು ಬಿಡಲೂಬಾರದು. ಸಿನಿಮಾ ನೂರು ದಿನ ಓಡುತ್ತದೆ. ಅಲ್ಲಿ ‘ಪ್ರದರ್ಶನಗೊಳ್ಳುತ್ತದೆ’ ಎಂದು ಎಳೆಯಬೇಕಿಲ್ಲ. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗಲೂ ಇದೇ ಎಚ್ಚರ ಬೇಕು: ‘ತಲೆ ಓಡುತ್ತಿಲ್ಲ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ರನ್’ ಹಾಕಿದರೆ ಅಲ್ಲಿಯ ಓದುಗರು ತಬ್ಬಿಬ್ಬಾಗುತ್ತಾರೆ.