1903ರ ಮೂಕಿ ಚಿತ್ರಗಳು: ಶಾಟ್ ಪಟ್ಟಿ ಎಲ್ಲಿಗೆ ಬಂತು

1903ರ ಮೂಕಿ ಚಿತ್ರಗಳನ್ನು ಒಂದೊಂದಾಗಿ ನೋಡಿ, ಪ್ರತಿ ಶಾಟ್ (ಕ್ಯಾಮೆರಾ ನಿಲ್ಲಿಸದೆ ಒಮ್ಮೆಗೆ ತೆಗೆದ ತುಣುಕು) ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಪಟ್ಟಿ ಮಾಡುತ್ತಿದ್ದೇನೆ. ಅದರಲ್ಲಿ ಅಮೆರಿಕದ ನಿರ್ದೇಶಕ ಎಡ್ವಿನ್ ಪೋರ್ಟರ್ ಅವರ ಎರಡು ಮುಖ್ಯ ಚಿತ್ರಗಳು ಮುಗಿದವು. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಅವರ ಚಿತ್ರಗಳು ಅರ್ಧ ಆಗಿವೆ. ಬ್ರಿಟನ್ನಿನ ಚಿತ್ರಗಳು ಇನ್ನೂ ಬಾಕಿ.

ಇದೇ ವರ್ಷವನ್ನು ಹಿಡಿಯಲು ಕಾರಣ ಇದೆ. ಆರಂಭದ ಸಿನಿಮಾಗಳಲ್ಲಿ ಬಹುಪಾಲು ಒಂದೇ ಶಾಟ್‌ನವು. 1903ರ ಹೊತ್ತಿಗೆ ಹಲವು ಶಾಟ್ ಜೋಡಿಸಿ ಕಥೆ ಹೇಳುವವರು ಜಾಸ್ತಿಯಾದರು. ಆದರೆ ಹೊಸ ಶಾಟ್ ಬಂದಾಗ ಕಥೆಯ ಕಾಲ ಮುಂದೆ ಹೋಯಿತೋ, ಹಿಂದಕ್ಕೆ ಬಂತೋ? ಅದಕ್ಕೆ ಆಗ ಗಟ್ಟಿ ಪದ್ಧತಿ ಇರಲಿಲ್ಲ. ನಾನು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿರುವುದು ಇದನ್ನೇ.

ಹೆಚ್ಚು ಸಮಯ ಹಿಡಿದದ್ದು ‘ಲೈಫ್ ಆಫ್ ಆನ್ ಅಮೆರಿಕನ್ ಫೈರ್‌ಮನ್’. ಎಡಿಸನ್ ಕಂಪನಿಗಾಗಿ ಪೋರ್ಟರ್ ಮಾಡಿದ ಚಿತ್ರ. ಮನೆಗೆ ಬೆಂಕಿ ಬಿದ್ದಿದೆ, ಕೋಣೆ ತುಂಬ ಹೊಗೆ. ಅಗ್ನಿಶಾಮಕದವನು ಬಾಗಿಲು ಒಡೆದು ಒಳಗೆ ಬರುತ್ತಾನೆ, ತಾಯಿಯನ್ನು ಹೊತ್ತು ಕಿಟಕಿಯಿಂದ ಇಳಿಯುತ್ತಾನೆ, ಮತ್ತೆ ಬಂದು ಮಗುವನ್ನು ಎತ್ತಿಕೊಳ್ಳುತ್ತಾನೆ. ಇದಿಷ್ಟೂ ಒಳಗಿನಿಂದ, ಪೂರ್ತಿ. ಮುಂದಿನ ಶಾಟ್‌ನಲ್ಲಿ ಅದೇ ಘಟನೆ ಹೊರಗಿನಿಂದ, ಮೊದಲಿಂದ ಕೊನೆಯವರೆಗೆ! ನಮ್ಮ ಹರಿಕಥೆ ದಾಸರು ಒಂದು ಕಡೆಯ ಕಥೆ ಮುಗಿಸಿ, ‘ಇತ್ತ ಅರಮನೆಯಲ್ಲಿ’ ಎಂದು ಹಿಂದಕ್ಕೆ ಹೋಗುತ್ತಾರಲ್ಲ, ಹಾಗೆಯೇ. ಹೀಗೆ ನೋಡಿದರೆ ಇದು ತಪ್ಪು ಅನಿಸುವುದಿಲ್ಲ. ಒಳಗಿನವರ ಉಸಿರುಗಟ್ಟುವಿಕೆ ಒಮ್ಮೆ, ಹೊರಗಿನವರ ಆತಂಕ ಒಮ್ಮೆ. ಎರಡಕ್ಕೂ ಪೂರ್ತಿ ಜಾಗ ಸಿಗುತ್ತದೆ.

ಇದೇ ಚಿತ್ರದ ಇನ್ನೊಂದು ಪ್ರತಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿತ್ತು. ಅದರಲ್ಲಿ ಒಳಗಿನ, ಹೊರಗಿನ ದೃಶ್ಯಗಳನ್ನು ತುಂಡು ಮಾಡಿ ಇಂದಿನ ಸಿನಿಮಾದಂತೆ ಹೆಣೆದಿದ್ದರು. ಪೋರ್ಟರ್ ಆಗಲೇ ಈ ಎಡಿಟಿಂಗ್ ಕಂಡುಹಿಡಿದಿದ್ದರು ಎಂದು ಎಷ್ಟೋ ಜನ ನಂಬಿದ್ದರು. ನಿಜ ಗೊತ್ತಾಗಲು ನೆರವಾದದ್ದು ಕಾಗದ. ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ 1912ರವರೆಗೆ ಸಿನಿಮಾ ಎಂಬ ವಿಭಾಗವೇ ಇರಲಿಲ್ಲ. ಹಾಗಾಗಿ ಕಂಪನಿಗಳು ಇಡೀ ಚಿತ್ರವನ್ನು ಉದ್ದನೆಯ ಕಾಗದದ ಸುರುಳಿ ಮೇಲೆ ಮುದ್ರಿಸಿ, ಫೋಟೋ ಎಂದು ನೋಂದಾಯಿಸುತ್ತಿದ್ದವು. ಆಗಿನ ನೈಟ್ರೇಟ್ ಫಿಲ್ಮ್ (ಬೇಗ ಬೆಂಕಿ ಹತ್ತುವ ಬಗೆ) ಸುಟ್ಟುಹೋಯಿತು, ಕೊಳೆತುಹೋಯಿತು. ಅಮೆರಿಕದ ದೊಡ್ಡ ಸರ್ಕಾರಿ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕಾಗದ ಉಳಿಯಿತು, ಸುಮಾರು 3,000 ಚಿತ್ರಗಳಷ್ಟು. ಆ ಕಾಗದದ ಪ್ರತಿಯಲ್ಲಿ ಘಟನೆ ಎರಡು ಸಲ ಬರುತ್ತದೆ, ಅಂದರೆ ಹೆಣೆದದ್ದು ಆಮೇಲೆ ಯಾರೋ. ಗುಮಾಸ್ತಿಕೆಯ ಒಂದು ನಿಯಮದಿಂದ ಇಷ್ಟು ಸಿನಿಮಾ ಬದುಕಿತಲ್ಲ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ವರ್ಷದ ಕೊನೆಗೆ ಬಂದ, ಪೋರ್ಟರ್ ಅವರದೇ ‘ದಿ ಗ್ರೇಟ್ ಟ್ರೈನ್ ರಾಬರಿ’ಯಲ್ಲಿ 14 ಶಾಟ್. ದರೋಡೆ ಮುಗಿದು ಕಳ್ಳರು ಕಾಡು ಸೇರಿದ ಮೇಲೆ, ಕಟ್ಟಿಹಾಕಿದ್ದ ಟೆಲಿಗ್ರಾಫ್ ನೌಕರನನ್ನು ಅವನ ಮಗಳು ಬಿಡಿಸುವ ದೃಶ್ಯ. ಇಲ್ಲೂ ಕಾಲ ಹಿಂದಕ್ಕೆ ಹೋದಂತಿದೆ. ‘ಹಿಂದೆ’ ಎಂದು ಬರೆದು ಪ್ರಶ್ನೆ ಗುರುತು ಹಾಕಿದ್ದೇನೆ. ಡಕಾಯಿತ ನೋಡುಗರತ್ತ ಗುಂಡು ಹಾರಿಸುವ ಶಾಟ್‌ಗೆ ಕ್ರಮಸಂಖ್ಯೆ ಕೊಟ್ಟಿಲ್ಲ. ಅದನ್ನು ಮೊದಲಾದರೂ ಹಾಕಿ, ಕೊನೆಗಾದರೂ ಹಾಕಿ ಎಂದು ಎಡಿಸನ್ ಕ್ಯಾಟಲಾಗೇ ಹೇಳುತ್ತದೆ.

ವೇಗದ ಕೆಲಸವೂ ಜೊತೆಗೇ ನಡೆದಿದೆ. ಆಗ ಕ್ಯಾಮೆರಾ ತಿರುಗಿಸುತ್ತಿದ್ದದ್ದು ಕೈಯಿಂದ. ಸೆಕೆಂಡಿಗೆ ಸುಮಾರು 16 ಫ್ರೇಮ್‌ನಲ್ಲಿ (ಬಿಡಿ ಚಿತ್ರಗಳಲ್ಲಿ) ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲರೂ ಕುಣಿದಂತೆ ಕಾಣುತ್ತಾರೆ. ಜನರ ನಡಿಗೆ, ಕುದುರೆಯ ಓಟ ಸಹಜ ಅನಿಸುವವರೆಗೆ ನಿಧಾನ ಮಾಡಿ, ಆ ವೇಗದಲ್ಲೇ ಶಾಟ್ ಅಳೆಯುತ್ತೇನೆ.

ಮೆಲಿಯೆಸ್ ಅವರದು ಬೇರೆಯೇ ದಾರಿ. ಅವರ ಜಾಣ್ಮೆ ಇರುವುದು ಫ್ರೇಮಿನ ಒಳಗೆ. ‘ಲ ಮೆಲೊಮಾನ್’ನಲ್ಲಿ ತಮ್ಮದೇ ತಲೆಗಳನ್ನು ಕಿತ್ತು ತಂತಿಗಳ ಮೇಲೆ ಸ್ವರಗಳಂತೆ ಎಸೆಯುತ್ತಾರೆ. ಒಂದೇ ಫಿಲ್ಮ್ ಮೇಲೆ ಮತ್ತೆ ಮತ್ತೆ ಚಿತ್ರೀಕರಿಸಿ ಮಾಡಿದ್ದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಎಂಥ ಲೆಕ್ಕಾಚಾರ ಅಲ್ವಾ! ಇವರ ಚಿತ್ರಗಳಿಗೆ ‘ಟ್ರಿಕ್’ ಎಂಬ ಹೊಸ ಕಾಲಂ ಸೇರಿಸಿದೆ.

ಮುಂದೆ ಬ್ರಿಟನ್ನಿನ ನಿರ್ದೇಶಕರಾದ ಹೆಪ್‌ವರ್ತ್ ಮತ್ತು ಸ್ಟೋ ಅವರ ‘ಆಲಿಸ್ ಇನ್ ವಂಡರ್‌ಲ್ಯಾಂಡ್’. ಉಳಿದಿರುವ ಪ್ರತಿ ಹಾಳಾಗಿದೆ, ಕೆಲವು ಭಾಗ ಕಳೆದೇಹೋಗಿದೆ. ಬ್ರಿಟಿಷ್ ಫಿಲ್ಮ್ ಇನ್ಸ್ಟಿಟ್ಯೂಟ್ 2010ರಲ್ಲಿ ಸರಿಪಡಿಸಿದ ಪ್ರತಿಯನ್ನು ಇಟ್ಟುಕೊಳ್ಳುತ್ತೇನೆ. ಕಳೆದುಹೋದ ಕಡೆ ಪಟ್ಟಿಯಲ್ಲಿ ಖಾಲಿ ಸಾಲು ಬಿಡುತ್ತೇನೆ, ಇಲ್ಲದಿದ್ದರೆ ಅದೂ ಕಟ್ (ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವುದು) ಎಂದು ಎಣಿಕೆಯಾಗುತ್ತದೆ.